ಸಿಂಹ ಯಾರದು, ಹುಲಿ ಯಾರದು? ಯುದ್ಧಕಾಲದ ಚಿತ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಬಹಳ ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಈಗ ರಿಟೈರ್ಡ್. ಹೋದ ಬೇಸಿಗೆಯಲ್ಲಿ ಮನೆಯ ಪಡಸಾಲೆಯಲ್ಲೇ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪು ಹಾಕಿ, ಯುದ್ಧಕಾಲದ ಪೋಸ್ಟರುಗಳನ್ನೂ ಹಳೇ ಕ್ಯಾಲೆಂಡರ್ ಚಿತ್ರಗಳನ್ನೂ ನೇತುಹಾಕಿದ್ದೆ. ನೋಡಲು ಬಂದವರೆಲ್ಲ ಕೇಳಿದ್ದನ್ನೇ ಕೇಳಿದರು. ಹೇಳಿ ಹೇಳಿ ಗಂಟಲು ಕಟ್ಟಿತು. ಅದಕ್ಕೆ ಬರೆದಿಡುತ್ತಿದ್ದೇನೆ.

ಇವೆಲ್ಲ ಅಸಲಿನಾ ಮೇಷ್ಟ್ರೇ?

ಅಲ್ಲ. ಹೊರದೇಶದ್ದೆಲ್ಲ ನಕಲು. ಮ್ಯೂಸಿಯಂಗಳು ಹಾಕಿರುವ ಚಿತ್ರಗಳನ್ನು ಇಳಿಸಿಕೊಂಡು ಪ್ರಿಂಟ್ ಹಾಕಿಸಿದ್ದು. ಅಸಲಿ ಅಂತ ಇರುವುದು ನಮ್ಮಪ್ಪನ ಟ್ರಂಕಿನ ಕ್ಯಾಲೆಂಡರುಗಳು ಮಾತ್ರ. ಅಪ್ಪ ಸಕಲೇಶಪುರದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು. ವರ್ಷ ಮುಗಿದ ಮೇಲೆ ಕ್ಯಾಲೆಂಡರಿನ ತಾರೀಕಿನ ಹಾಳೆ ಕಿತ್ತು ಒಲೆಗೆ ಹಾಕಿ ಚಿತ್ರ ಮಾತ್ರ ಎತ್ತಿಡುತ್ತಿದ್ದರು. ದೇವರ ಚಿತ್ರ ಸುಡಬಾರದು ಅಂತ. ಅದರಲ್ಲಿ ಜವಾನನೂ, ಅಂದರೆ ಸೈನಿಕನೂ, ದೇವರ ಲೆಕ್ಕಕ್ಕೇ ಸೇರಿಬಿಟ್ಟಿದ್ದ.

ಯುದ್ಧ ಬಂದಾಗ ದೇಶವನ್ನು ಹೆಂಗಸಿನ ಹಾಗೆ, ಇಲ್ಲಾ ಪ್ರಾಣಿಯ ಹಾಗೆ ಯಾಕೆ ಬರೀತಾರೆ?

ನೀವೇ ಒಂದು ಸಲ ದೇಶವನ್ನು ಬರೆದು ನೋಡಿ. ಏನು ಬರೀತೀರಿ? ನಕ್ಷೆ ಬರೆದರೆ ಭೂಗೋಳದ ಪುಸ್ತಕ ಆಗುತ್ತದೆ. ಪಾರ್ಲಿಮೆಂಟು ಬರೆದರೆ ಬರೀ ಕಟ್ಟಡ. ಅದನ್ನು ನೋಡಿ ಮಗನನ್ನು ಯುದ್ಧಕ್ಕೆ ಕಳಿಸಲು ಯಾವ ತಾಯಿ ಒಪ್ಪುತ್ತಾಳೆ? ಅದೇ ಒಬ್ಬ ಹೆಂಗಸು ನಿಂತು ನಿಮ್ಮ ಕಡೆ ನೋಡುತ್ತಿದ್ದರೆ ವಿಷಯವೇ ಬೇರೆ.

ಯುರೋಪಿನಲ್ಲಿ ಇದಕ್ಕೆ ಹಳೇ ರೂಢಿಯ ಆಧಾರವೂ ಇದೆ. ಲ್ಯಾಟಿನ್‌ನಲ್ಲಿ ದೇಶದ ಹೆಸರುಗಳು ಸ್ತ್ರೀಲಿಂಗ. ಬ್ರಿಟನ್ನಿನ ಬ್ರಿಟಾನಿಯಾ, ಜರ್ಮನಿಯ ಜರ್ಮೇನಿಯಾ ಹಾಗೆ ಹುಟ್ಟಿದವರು. ಫ್ರಾನ್ಸಿನ ಮರಿಯಾನ್ ಕ್ರಾಂತಿಯ ಕಾಲದವಳು. ತಲೆ ಮೇಲಿನ ಕೆಂಪು ಟೊಪ್ಪಿ ನೋಡಿದರೆ ಗುರುತು ಸಿಗುತ್ತದೆ.

ನನ್ನ ಹಗ್ಗದಲ್ಲಿ ಜನ ಜಾಸ್ತಿ ಹೊತ್ತು ನಿಂತು ನೋಡಿದ್ದು ಸೋವಿಯತ್ ರಷ್ಯಾದ ತಾಯಿಯನ್ನು. ಜರ್ಮನಿ ದಂಡೆತ್ತಿ ಬಂದ 1941ರಲ್ಲೇ ಇರಾಕ್ಲಿ ತೊಯಿದ್ಜೆ ಬರೆದದ್ದು. ಕೆಂಪು ಬಟ್ಟೆಯ ನಡುವಯಸ್ಸಿನ ಹೆಂಗಸು, ಒಂದು ಕೈ ಮೇಲೆತ್ತಿದ್ದಾಳೆ, ಇನ್ನೊಂದು ಕೈಯಲ್ಲಿ ಸೈನಿಕರ ಪ್ರಮಾಣವಚನದ ಹಾಳೆ, ಬೆನ್ನ ಹಿಂದೆ ಬಯೊನೆಟ್ಟುಗಳ ಸಾಲು. ಮಾಡೆಲ್ ಅವನ ಹೆಂಡತಿಯೇ. ಕಿರೀಟ ಇಲ್ಲ, ಒಡವೆ ಇಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿ ಅದನ್ನು ನೋಡಿ, 'ಇವಳೇನು, ರೇಷನ್ ಅಂಗಡೀಲಿ ಜಗಳ ಆಡೋ ಹಂಗೆ ನಿಂತವ್ಳೆ' ಅಂದರು. ಅದೇ ಅದರ ಶಕ್ತಿ. ಬ್ರಿಟಾನಿಯಾ ಮುಂದೆ ಯಾರಿಗೂ ಹಾಗೆ ಅನ್ನಿಸುವುದಿಲ್ಲ.

ಭಾರತಮಾತೆ ಮೊದಲಿಂದ ಸಿಂಹದ ಜೊತೆಗೇ ಇದ್ದಳಾ?

ಇರಲಿಲ್ಲ. ಅವನೀಂದ್ರನಾಥ ಠಾಕೂರರು 1905ರಲ್ಲಿ, ಬಂಗಾಳ ಒಡೆದ ಗಲಾಟೆಯ ಕಾಲದಲ್ಲಿ ಬರೆದ ಭಾರತಮಾತೆಯನ್ನು ನೋಡಿ. ಕಾವಿ ಬಟ್ಟೆಯ ಸನ್ಯಾಸಿನಿ. ನಾಲ್ಕು ಕೈ. ಒಂದರಲ್ಲಿ ಪುಸ್ತಕ, ಒಂದರಲ್ಲಿ ಭತ್ತದ ತೆನೆ, ಒಂದರಲ್ಲಿ ಜಪಮಾಲೆ, ಇನ್ನೊಂದರಲ್ಲಿ ಬಿಳಿ ಬಟ್ಟೆ. ಒಂದು ಆಯುಧವೂ ಇಲ್ಲ. ಸಿಂಹ ಇಲ್ಲ, ಬಾವುಟ ಇಲ್ಲ, ಹಿಂದೆ ನಕ್ಷೆಯೂ ಇಲ್ಲ. ಅನ್ನ, ಬಟ್ಟೆ, ಓದು, ಜಪ ಕೊಡುವವಳು, ಅಷ್ಟೆ. ಸಿಂಹ, ತ್ರಿಶೂಲ, ಬಾವುಟ ಎಲ್ಲ ಆಮೇಲೆ ಅಗ್ಗದ ಅಚ್ಚಿನ ಚಿತ್ರಗಳಲ್ಲಿ ಒಂದೊಂದಾಗಿ ಸೇರಿಕೊಂಡವು. ದುರ್ಗೆಯ ಚಿತ್ರ ಮನೆಮನೆಯಲ್ಲೂ ಇದ್ದಿದ್ದರಿಂದ ಚಿತ್ರಕಾರನಿಗೂ ಸಲೀಸು, ನೋಡುವವನಿಗೂ ಸಲೀಸು.

ಇನ್ನೊಂದು ಮಾತು. ಅಶೋಕನ ಸಿಂಹಗಳು, ತ್ರಿವರ್ಣ ಧ್ವಜ, ಇವು ಸರ್ಕಾರ ಒಪ್ಪಿದ ಲಾಂಛನಗಳು. ಭಾರತಮಾತೆಯ ಚಿತ್ರ ಆ ಲೆಕ್ಕಕ್ಕೆ ಬರುವುದಿಲ್ಲ. ಅವಳನ್ನು ಬೆಳೆಸಿದ್ದು ಚಿತ್ರಕಾರರು, ಪ್ರೆಸ್ಸಿನವರು, ಕ್ಯಾಲೆಂಡರ್ ಹಂಚಿದ ಅಂಗಡಿಯವರು.

ಮೊದಲ ಮಹಾಯುದ್ಧದಲ್ಲಿ ನಮ್ಮವರನ್ನು ಕರೆಯಲು ಯಾವ ತಾಯಿಯನ್ನು ತೋರಿಸಿದರು?

ಒಳ್ಳೇ ಪ್ರಶ್ನೆ. ಒಬ್ಬ ಡಿಗ್ರಿ ಹುಡುಗಿ ಕೇಳಿದಳು, ಆವತ್ತು ಉತ್ತರ ಸರಿಯಾಗಿ ಹೇಳಲಿಲ್ಲ. ಆಗ ಇಲ್ಲಿಂದ ಹತ್ತು ಲಕ್ಷಕ್ಕೂ ಜಾಸ್ತಿ ಜನ ಕಡಲು ದಾಟಿ ಹೋದರು, 70,000ಕ್ಕೂ ಹೆಚ್ಚು ಜನ ವಾಪಸ್ ಬರಲಿಲ್ಲ. ಆ ಕಾಲದ ಉರ್ದು ಪೋಸ್ಟರ್ ಒಂದು ಕೇಳುವುದು ಇಷ್ಟೇ: ಈ ಸಮವಸ್ತ್ರ, ದುಡ್ಡು, ಬಂದೂಕು ಯಾರಿಗೆ? ಉತ್ತರವೂ ಅಲ್ಲೇ ಇದೆ, ಸೇನೆಗೆ ಸೇರುವವನಿಗೆ. ತಾಯಿಯ ಸುದ್ದಿಯೇ ಇಲ್ಲ. ಬ್ರಿಟಾನಿಯಾ ನಮ್ಮ ಹಳ್ಳಿ ಹುಡುಗನಿಗೆ ತಾಯಿ ಆಗಲಾರಳು. ಭಾರತಮಾತೆಯನ್ನು ತೋರಿಸೋಣ ಅಂದರೋ, ಅವಳು ಆಗಲೇ ಸ್ವದೇಶಿಯವರ ಕಡೆ ಹೋಗಿಯಾಗಿತ್ತು. ಉಳಿದದ್ದು ಸಂಬಳ. ನನಗೆ ಕೇಳಿದರೆ ಆ ಸಾಲಿನಲ್ಲೆಲ್ಲ ಮುಚ್ಚುಮರೆ ಇಲ್ಲದ ಪೋಸ್ಟರ್ ಅದೊಂದೇ.

ಬೆರಳು ತೋರಿಸುವ ಆ ಟೋಪಿ ಮುದುಕ ನಿಜವಾದ ಮನುಷ್ಯನಾ?

ಅಂಕಲ್ ಸ್ಯಾಮ್, ಅಮೆರಿಕ ದೇಶವನ್ನೇ ಮನುಷ್ಯನಾಗಿ ಬರೆದದ್ದು. 1812ರ ಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಮಾಂಸ ಒದಗಿಸುತ್ತಿದ್ದ ಸ್ಯಾಮ್ಯುಯೆಲ್ ವಿಲ್ಸನ್ ಅನ್ನುವವನಿಂದ ಆ ಹೆಸರು ಬಂತು ಅಂತ ಪ್ರತೀತಿ. ಪೀಪಾಯಿಯ ಮೇಲೆ ಯು.ಎಸ್. ಅಂತ ಬರೆದಿದ್ದನ್ನು ಜನ ತಮಾಷೆಗೆ ಅಂಕಲ್ ಸ್ಯಾಮ್ ಅಂತ ಓದಿದರಂತೆ. ಆದರೆ ಪೋಸ್ಟರಿನ ಮುಖ ಅವನದಲ್ಲ, ಚಿತ್ರಕಾರ ಜೇಮ್ಸ್ ಮಾಂಟ್‌ಗೊಮೆರಿ ಫ್ಲ್ಯಾಗ್‌ನದೇ. ಕನ್ನಡಿ ನೋಡಿಕೊಂಡು ಗಡ್ಡ, ವಯಸ್ಸು ಸೇರಿಸಿದ. ಮಾಡೆಲ್ ಖರ್ಚು ಉಳಿಯಿತು! 1917-18ರಲ್ಲಿ 40 ಲಕ್ಷಕ್ಕೂ ಜಾಸ್ತಿ ಪ್ರತಿ ಅಚ್ಚಾಯಿತು.

ಆ ಬೆರಳೂ ಅವನ ಸ್ವಂತದ್ದಲ್ಲ. 1914ರಲ್ಲಿ ಲಂಡನ್ನಿನ ಆಲ್ಫ್ರೆಡ್ ಲೀಟ್ ಬರೆದ, ಬ್ರಿಟನ್ನಿನ ಯುದ್ಧಮಂತ್ರಿ ಕಿಚನರ್ ಚಿತ್ರದಿಂದ ಎತ್ತಿದ್ದು. ಆ ಮೀಸೆ ಕಿಚನರ್ 1902ರಿಂದ 1909ರವರೆಗೆ ಇಲ್ಲೇ ಭಾರತದ ಸೈನ್ಯದ ದಂಡನಾಯಕನಾಗಿದ್ದ.

ಬೇಲೂರಿನಲ್ಲಿ ಸಳ ಕೊಲ್ಲುವುದು ಹುಲಿಯನ್ನೋ ಸಿಂಹವನ್ನೋ? ಅದನ್ನೂ ಪೋಸ್ಟರ್ ಅನ್ನಬಹುದಾ?

ನೋಡಲು ಸಿಂಹದ ಹಾಗಿದೆ, ಕಥೆಯಲ್ಲಿ ಹುಲಿ. ಅಂಗಡಿ ಅನ್ನುವ ಊರಿನ ವಾಸಂತಿಕಾ ಗುಡಿಯ ಹತ್ತಿರ ಜೈನಮುನಿ 'ಹೊಯ್ ಸಳ' ಅಂದ ಕಥೆ ನಿಮಗೆಲ್ಲ ಗೊತ್ತು. ಕಥೆ ಪಕ್ಕಕ್ಕಿಡಿ. ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ್ದು 1116ರ ಹೊತ್ತಿಗೆ. ಬೇಲೂರು ಗುಡಿ ಪ್ರತಿಷ್ಠೆ ಆದದ್ದು 1117ರಲ್ಲಿ. ಚೋಳರ ಲಾಂಛನ ಹುಲಿ. ಹುಲಿಯನ್ನು ಇರಿಯುವ ಈ ಗುರುತು ಆ ಗೆಲುವಿನದೇ ಅಂತ ಕೆಲವು ಇತಿಹಾಸಕಾರರು ಓದುತ್ತಾರೆ. ಆ ಓದು ನನಗೆ ಇಷ್ಟ. ಸುಮ್ನೆ ಅಲ್ಲ, ಯುದ್ಧದ ಚಿತ್ರ ಕೆಲಸ ಮಾಡುವುದೇ ಹೀಗೆ. ವೈರಿ ರಾಜನ ಮುಖ ಯಾರಿಗೂ ಗೊತ್ತಿಲ್ಲ, ಅವನ ಬಾವುಟದ ಪ್ರಾಣಿ ಎಲ್ಲರಿಗೂ ಗೊತ್ತು. ಹಾಗಾಗಿ ಪ್ರಾಣಿಯನ್ನು ಇರಿ.

ಬೇಲೂರಿಗೆ ಹೋದಾಗ ಇನ್ನೊಂದನ್ನು ಹುಡುಕಿ ನೋಡಿ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ ಅನ್ನುವ ಪುರಾಣದ ಪ್ರಾಣಿ, ಶರಭವನ್ನು ಎರಡು ತಲೆಯ ಹಕ್ಕಿ ಗಂಡಭೇರುಂಡ. ಪಕ್ಕದಲ್ಲಿ ಒಬ್ಬ ಮುನಿ ಬೆರಗಾಗಿ ನಿಂತಿದ್ದಾನೆ. ಅದೇ ಗಂಡಭೇರುಂಡ ಮೈಸೂರು ಅರಸರ ಲಾಂಛನವಾಗಿ, ಈಗ ಕರ್ನಾಟಕ ಸರ್ಕಾರದ ಮುದ್ರೆಯಲ್ಲಿ ಕೂತಿದೆ. ಅದರ ತಲೆ ಮೇಲೆ ಅಶೋಕನ ಸಿಂಹಗಳು. ಬೇಲೂರಿನ ಶಿಲ್ಪಿ ನೋಡಿದ್ದರೆ ಸಿಂಹಕ್ಕೆ ಅಷ್ಟು ಮೇಲಿನ ಜಾಗ ಕೊಡುತ್ತಿರಲಿಲ್ಲವೇನೋ.

ಹುಲಿ ಮೇಲೆ ಸಿಂಹ ಎಗರುವ ಚಿತ್ರ ಮೂರು ಕಡೆ ಹಾಕಿದ್ದೀರಲ್ಲ, ಯಾಕೆ?

ನಾನು ಇದನ್ನೆಲ್ಲ ಕೂಡಿಹಾಕಿದ್ದೇ ಆ ಎರಡು ಪ್ರಾಣಿಗಳ ದೆಸೆಯಿಂದ. ಸ್ವಲ್ಪ ಉದ್ದ ಆಗುತ್ತದೆ, ಕೂತ್ಕೊಳ್ಳಿ.

ಟಿಪ್ಪುವಿನ ಗುರುತು ಹುಲಿ. ಸಿಂಹಾಸನ, ಫಿರಂಗಿ, ಬಟ್ಟೆಯ ಪಟ್ಟೆ, ಎಲ್ಲದರಲ್ಲೂ ಹುಲಿ. ಬಿಳಿಯನ ಎದೆ ಮೇಲೆ ಕೂತ ಆ ಮರದ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಈಸ್ಟ್ ಇಂಡಿಯಾ ಕಂಪನಿ ಅದಕ್ಕೊಂದು ಪದಕ ಮಾಡಿಸಿತು. ಒಂದು ಮುಖದಲ್ಲಿ ಬ್ರಿಟನ್ನಿನ ಸಿಂಹ ಹುಲಿಯನ್ನು ಅಂಗಾತ ಕೆಡವಿದೆ. ಮೇಲೆ ಬಾವುಟದಲ್ಲಿ ಅರಬ್ಬಿ ಅಕ್ಷರ, ದೇವರ ಸಿಂಹವೇ ಗೆಲ್ಲುವುದು ಅನ್ನುವ ಅರ್ಥ. ಇಲ್ಲೇ ಇರುವುದು ಚೇಷ್ಟೆ. ಆ ಮಾತನ್ನು ಟಿಪ್ಪು ತನ್ನ ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಬರೆಸಿಕೊಂಡಿದ್ದ! ಅವನ ಘೋಷಣೆಯನ್ನೇ ಕಿತ್ತುಕೊಂಡು, ನೋಡು, ಸಿಂಹ ನಾವು, ನೀನು ಬರೀ ಹುಲಿ ಅಂದ ಹಾಗೆ. ಪದಕವನ್ನು ದರ್ಜೆ ನೋಡಿ ಹಂಚಿದರು. ದೊಡ್ಡವರಿಗೆ ಚಿನ್ನ, ಸಿಪಾಯಿಗಳಿಗೆ ತವರದ ಮಿಶ್ರಲೋಹ. ಸಿಂಹ ಎರಡರಲ್ಲೂ ಒಂದೇ.

1857ರ ದಂಗೆ. ಆಗಸ್ಟ್ 22ರ ಪಂಚ್ ಅನ್ನುವ ಲಂಡನ್ನಿನ ಹಾಸ್ಯ ಪತ್ರಿಕೆಯಲ್ಲಿ ಜಾನ್ ಟೆನ್ನಿಯೆಲ್ ಅದೇ ಸಿಂಹವನ್ನು ಬಂಗಾಳದ ಹುಲಿಯ ಮೇಲೆ ಎಗರಿಸಿದ. ಹುಲಿಯ ಕಾಲಡಿ ಹೆಂಗಸು, ಮಗು. ಅಲ್ಲಿಗೆ ಹುಲಿ ಅಂದರೆ ಟಿಪ್ಪು ಒಬ್ಬನೇ ಅಲ್ಲ, ಬಂದೂಕು ತಿರುಗಿಸಿದ ಪ್ರತಿಯೊಬ್ಬ ಸಿಪಾಯಿ.

ಈಗ 1915ಕ್ಕೆ ಬನ್ನಿ. ಆರ್ಥರ್ ವಾರ್ಡಲ್ ಬರೆದ ಸೇನಾಭರ್ತಿ ಪೋಸ್ಟರ್. ಬಂಡೆ ಮೇಲೆ ಮುದಿ ಸಿಂಹ, ಸುತ್ತ ಎಳೇ ಸಿಂಹಗಳು. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆಗೆ ಇಂಡಿಯಾ ಹೆಸರೂ ಇದೆ. ಐವತ್ತೆಂಟು ವರ್ಷದ ಹಿಂದೆ ಕೊಲ್ಲಬೇಕಾದ ಹುಲಿಯಾಗಿದ್ದವರು ನಾವು, ಸೈನಿಕರು ಬೇಕಾದಾಗ ಸಿಂಹದ ಮರಿ ಆಗಿಬಿಟ್ಟೆವು. ಪಟ್ಟೆ ಎಲ್ಲಿ ಹೋಯಿತು ಅಂತ ಯಾರೂ ಕೇಳಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಹುಲಿ ವಾಪಸ್ ಬಂತು. ಜರ್ಮನಿಯಲ್ಲಿ ಸುಭಾಷರು ಕಟ್ಟಿದ ಇಂಡಿಯನ್ ಲೀಜನ್ ಅನ್ನುವ ಪಡೆಯ ತೋಳುಪಟ್ಟಿಯಲ್ಲಿ ಕೇಸರಿ, ಬಿಳಿ, ಹಸಿರಿನ ಮೇಲೆ ನೆಗೆಯುವ ಹುಲಿ. ಈ ಸಲ ಬರೆಸಿದ್ದು ನಾವೇ. ಆದರೆ 1950ರ ಜನವರಿ 26ಕ್ಕೆ ಗಣರಾಜ್ಯ ಆರಿಸಿಕೊಂಡದ್ದು ಸಾರನಾಥದ ಸಿಂಹಗಳನ್ನು. ಬ್ರಿಟನ್ನಿನ ಸಿಂಹದ ಹಾಗೆ ಯಾರ ಮೇಲೂ ಎಗರದೆ, ನಾಲ್ಕು ದಿಕ್ಕಿಗೆ ಮುಖ ಮಾಡಿ ಸುಮ್ಮನೆ ಕೂತ ಸಿಂಹಗಳು. ರಾಷ್ಟ್ರೀಯ ಪ್ರಾಣಿಯ ಪಟ್ಟವೂ ಮೊದಲು ಸಿಂಹಕ್ಕೇ ಇತ್ತು, 1970ರ ದಶಕದ ಮೊದಲಲ್ಲಿ ಹುಲಿಗೆ ಬಂತು. ನಮ್ಮ ಭದ್ರಾ ಕಾಡಿನ ಹುಲಿಗೆ ಈ ಜಂಜಾಟ ಒಂದೂ ಗೊತ್ತಿಲ್ಲ.

ವೈರಿಯನ್ನು ರಾಕ್ಷಸನ ಹಾಗೆ ಬರೆಯುವುದು ಎಲ್ಲರೂ ಮಾಡಿದ್ದಾ?

ಎಲ್ಲರೂ. 1917ರಲ್ಲಿ ಹ್ಯಾರಿ ಹಾಪ್ಸ್ ಬರೆದ ಅಮೆರಿಕದ ಪೋಸ್ಟರಿನಲ್ಲಿ ಜರ್ಮನಿ ಜೊಲ್ಲು ಸುರಿಸುವ ಗೊರಿಲ್ಲಾ. ತಲೆಗೆ ಮೊನೆಯಿರುವ ಜರ್ಮನ್ ಹೆಲ್ಮೆಟ್, ಕೈಯಲ್ಲಿ ದೊಣ್ಣೆ, ಕಂಕುಳಲ್ಲಿ ಒಬ್ಬ ಹೆಂಗಸು. ದೊಣ್ಣೆಯ ಮೇಲೆ ಜರ್ಮನರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ 'ಕುಲ್ಟೂರ್', ಅಂದರೆ ಸಂಸ್ಕೃತಿ, ಅನ್ನುವ ಪದ ಬರೆದಿದೆ. ಗೊರಿಲ್ಲಾಕ್ಕಿಂತ ಆ ಪದವೇ ಜಾಸ್ತಿ ಕುಟುಕುವುದು.

ಆಕ್ಟೋಪಸ್ ಕಥೆಯೂ ಚೆನ್ನಾಗಿದೆ. 1877ರಲ್ಲಿ ಇಂಗ್ಲೆಂಡಿನ ಫ್ರೆಡ್ ರೋಸ್ ಯುರೋಪಿನ ನಕ್ಷೆ ಬರೆದು ರಷ್ಯಾವನ್ನು ಆಕ್ಟೋಪಸ್ ಮಾಡಿದ. 1904ರಲ್ಲಿ ರಷ್ಯಾ ಜಪಾನ್ ಯುದ್ಧ ಶುರುವಾದಾಗ ಜಪಾನಿನ ಒಬ್ಬ ವಿದ್ಯಾರ್ಥಿ, ಕಿಸಾಬುರೊ ಒಹಾರಾ, ಅದೇ ಆಕ್ಟೋಪಸ್ ಎತ್ತಿಕೊಂಡು ಅದರ ತೋಳನ್ನು ಏಷ್ಯಾದವರೆಗೂ ಎಳೆದ. ವೈರಿ ಒಬ್ಬನೇ ಆದರೆ ಚಿತ್ರವನ್ನೂ ಕೈಸಾಲ ಪಡೆಯಬಹುದು.

ನಿಮಗೆ ಇಷ್ಟವಾದದ್ದು ಯಾವುದು?

ಫ್ರಾನ್ಸಿನ ಹುಂಜ. 1915ರಲ್ಲಿ ಅಬೆಲ್ ಫೆವ್ರ್ ಬರೆದದ್ದು, ಜನ ಮನೆಯ ಚಿನ್ನವನ್ನು ಸರ್ಕಾರಕ್ಕೆ ಕೊಡಲಿ ಅಂತ. ಒಂದು ದೊಡ್ಡ ಚಿನ್ನದ ನಾಣ್ಯ. ಫ್ರಾನ್ಸಿನ ಚಿನ್ನದ ನಾಣ್ಯದ ಮೇಲೆ ಆಗ ನಿಜವಾಗಿಯೂ ಹುಂಜ ಇತ್ತು. ಪೋಸ್ಟರಿನಲ್ಲಿ ಆ ಹುಂಜಕ್ಕೆ ಜೀವ ಬಂದು, ನಾಣ್ಯದಿಂದ ಹೊರಗೆ ಬಾಗಿ ಜರ್ಮನ್ ಸೈನಿಕನ ಮೇಲೆ ಬಿದ್ದಿದೆ. ನಾಣ್ಯದ ಭಾರಕ್ಕೆ ಸೈನಿಕ ಮೊಣಕಾಲೂರಿದ್ದಾನೆ. ಮೂವತ್ತು ಸಲ ನೋಡಿದ್ದೇನೆ. ಚಿನ್ನ, ದೇಶ, ಆಯುಧ ಮೂರೂ ಒಂದೇ ಗೆರೆಯಲ್ಲಿ ಬಂದಿವೆ, ಭಾಷಣ ಬೇಕೇ ಇಲ್ಲ. ಮಕ್ಕಳಿಗೆ ಇಷ್ಟು ವರ್ಷ ಬೋರ್ಡಿನ ಮೇಲೆ ಕಾಂಪೊಸಿಷನ್ ಅಂತ ಅರಚಿಕೊಂಡಿದ್ದಕ್ಕಿಂತ ಇದನ್ನೊಂದು ತೋರಿಸಿದ್ದರೆ ಸಾಕಿತ್ತು.

ಸಣ್ಣ ತಪ್ಪಾದರೆ ಯಾರು ನೋಡುತ್ತಾರೆ ಬಿಡಿ, ಅಲ್ವಾ?

ನೋಡುತ್ತಾರೆ! 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇತ್ತು. ಸೊಂಡಿಲು ಗಿಡ್ಡವಾಗಿ ಹಂದಿಯ ಹಾಗೆ ಕಂಡಿತು. ಹಿಂದೂಗಳಿಗೂ ಸಿಟ್ಟು, ಮುಸ್ಲಿಮರಿಗೂ ಸಿಟ್ಟು. ನಾಣ್ಯ ವಾಪಸ್ ತರಿಸಿ, 1912ರಲ್ಲಿ ಸೊಂಡಿಲು ಉದ್ದ ಮಾಡಿ ಹೊಸದಾಗಿ ಟಂಕಿಸಿದರು. ಜನ ಇದನ್ನು ಹಂದಿ ರೂಪಾಯಿ ಅಂತಲೇ ಕರೆಯುತ್ತಾರೆ.

ಕಾಫಿ ಮಗ್ ಮೇಲೆ ಬರುವ 'ಕೀಪ್ ಕಾಮ್' ಕೂಡ ಯುದ್ಧದ್ದಂತೆ, ಹೌದಾ?

ಹೌದು, 1939ರದ್ದು. ಮೇಲೆ ಕಿರೀಟ, ಕೆಳಗೆ ಐದು ಪದ: 'ಕೀಪ್ ಕಾಮ್ ಅಂಡ್ ಕ್ಯಾರಿ ಆನ್', ಗಾಬರಿಯಾಗದೆ ಕೆಲಸ ಮುಂದುವರಿಸಿ ಅಂತ. ಸುಮಾರು 24 ಲಕ್ಷ ಪ್ರತಿ ಅಚ್ಚು ಹಾಕಿಸಿ, ಗೋಡೆಗೆ ಹಚ್ಚದೆ ಇಟ್ಟುಕೊಂಡು, ಬಹುಪಾಲು ರದ್ದಿಗೆ ಹಾಕಿದರು. 2000ದಲ್ಲಿ ಒಂದು ಹಳೇ ಪುಸ್ತಕದಂಗಡಿಯ ಪೆಟ್ಟಿಗೆಯಲ್ಲಿ ಸಿಕ್ಕಿದ ಮೇಲೆ ಪ್ರಸಿದ್ಧಿ. ಯುದ್ಧದಲ್ಲಿ ಯಾರಿಗೂ ಧೈರ್ಯ ಹೇಳದ ಪೋಸ್ಟರ್ ಈಗ ಚಿಕ್ಕಮಗಳೂರಿನ ಹೋಂಸ್ಟೇ ಗೋಡೆಗಳಲ್ಲಿದೆ.

ಮಧ್ಯದಲ್ಲಿ ಫ್ರೇಮ್ ಹಾಕಿಸಿದ ಕ್ಯಾಲೆಂಡರ್ ಯಾವ ವರ್ಷದ್ದು?

1966ರದ್ದು. 1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ, ಶಾಸ್ತ್ರೀಜಿಯ ಜೈ ಜವಾನ್ ಜೈ ಕಿಸಾನ್. ಮುಂದಿನ ವರ್ಷದ ಕ್ಯಾಲೆಂಡರಿಗೆ ಒಂದು ಕಾಫಿ ಮಂಡಿಯವರು ಅದನ್ನೇ ಹಾಕಿಸಿದರು. ನಡುವೆ ಭಾರತಮಾತೆ, ಎಡಕ್ಕೆ ಜವಾನ, ಬಲಕ್ಕೆ ರೈತ, ಹಿಂದೆ ಹಿಮಾಲಯ. ಜವಾನನ ಕೆನ್ನೆ ಗುಲಾಬಿ, ಕಣ್ಣಿಗೆ ಕಾಡಿಗೆ ಹಚ್ಚಿದ ಹಾಗೆ. ಕೃಷ್ಣನ ಚಿತ್ರ ಬರೆದು ಅಭ್ಯಾಸವಾದ ಕೈ ಇರಬೇಕು, ಪಾಪ. ರೈತನ ಕೈಯಲ್ಲಿ ಗೋಧಿ ತೆನೆ. ಅಪ್ಪ ಪ್ರತಿ ಸಲ ಇದನ್ನು ತೆಗೆದಾಗ, 'ನಮ್ ಕಡೆ ಯಾವನೋ ಗೋಧಿ ಬೆಳೆಯೋನು? ಒಂದು ರಾಗಿ ತೆನೆ ಹಾಕಕ್ಕೆ ಏನಾಗಿತ್ತು' ಅಂತ ಬೈಯುತ್ತಿದ್ದರು. ದೇಶದ ಚಿತ್ರದಲ್ಲಿ ತನ್ನ ಹೊಲ ಕಾಣಲಿಲ್ಲ ಅನ್ನುವ ಸಿಟ್ಟು ಅದು. ಆದರೂ ಅರವತ್ತು ವರ್ಷ ಆ ಚಿತ್ರ ನಮ್ಮ ಮನೆಯಲ್ಲಿ ಉಳಿದಿದೆ.

ನಮ್ಮ ಅಟ್ಟದಲ್ಲೂ ಒಂದು ಹಳೇ ಚಿತ್ರ ಇದೆ. ಹಳೇದೋ ಹೊಸದೋ ಹೇಗೆ ತಿಳಿಯುವುದು?

ಒಂದು ಭೂತಗನ್ನಡಿ ತಗೊಂಡು ಮುಖದ ಬಣ್ಣ ನೋಡಿ. ಸಾಲು ಹಿಡಿದ ಒಂದೇ ತರದ ಚುಕ್ಕಿಗಳು ಕಂಡರೆ ಆಫ್‌ಸೆಟ್, ಆಮೇಲಿನದು. ಚುಕ್ಕಿಗಳು ಅಡ್ಡಾದಿಡ್ಡಿ, ಕೈಯಲ್ಲಿ ಇಟ್ಟ ಹಾಗಿದ್ದರೆ ಕಲ್ಲಚ್ಚು ಇರಬಹುದು. ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಅಂಚಿನಲ್ಲಿ ಬಣ್ಣ ಕೂದಲೆಳೆಯಷ್ಟು ಜರುಗಿರುವುದೂ ಉಂಟು. ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಹಾಕಿದಾಗ ಮಾಡಿದ್ದೂ ಈ ಕೆಲಸವೇ. ಮುಂದೆ ಆ ಪ್ರೆಸ್ಸನ್ನು ಕೊಂಡದ್ದು ಜರ್ಮನಿಯ ಫ್ರಿಟ್ಜ್ ಶ್ಲೈಶರ್. ನಮ್ಮ ಮನೆಯ ಲಕ್ಷ್ಮಿ, ಸರಸ್ವತಿಯರ ಹಿಂದೆ ಒಬ್ಬ ಜರ್ಮನ್ ಇದ್ದ.

ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ, ಲ್ಯಾಮಿನೇಷನ್ ಮಾಡಿಸಲಾ?

ದಯವಿಟ್ಟು ಬೇಡ. ನಾನು ಮಾಡಿಸಿ ಕೆಟ್ಟಿದ್ದೇನೆ. 1972ರ ಒಂದು ಕ್ಯಾಲೆಂಡರನ್ನು ಒಂದು ಅಂಗಡಿಗೆ ಕೊಟ್ಟೆ. ಬಿಸಿಗೆ ಹೊಳಪಿನ ಬಣ್ಣ ಗುಳ್ಳೆ ಎದ್ದು ಭಾರತಮಾತೆಯ ಮೂಗು ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿತು. ಬಿಡಿಸಲು ಹೋದರೆ ಮುಖವೇ ಬರುತ್ತದೆ. ಅದೂ ಹಾಗೇ ಇದೆ, ಹಗ್ಗದ ಕೊನೆಯಲ್ಲಿ.

ಸೆಲೋಟೇಪ್ ಹಚ್ಚಬೇಡಿ, ಪ್ಲೈವುಡ್ಡಿಗೆ ಅಂಟಿಸಬೇಡಿ. ಸಿಕ್ಕಿದರೆ ಆಮ್ಲವಿಲ್ಲದ ಕಾಗದ ಮಧ್ಯೆ ಇಟ್ಟು, ಮಡಚದೆ, ಸುತ್ತದೆ, ಚಪ್ಪಟೆಯಾಗಿ ಇಡಿ. ಟ್ರಂಕು ಗೋಡೆಗೆ ತಾಗದ ಹಾಗೆ, ನೆಲದಿಂದ ಮೇಲಿರಲಿ. ಫ್ರೇಮ್ ಹಾಕಿಸಿದರೆ ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಮೌಂಟ್ ಬೋರ್ಡ್ ಹಾಕಿಸಿ. ಬಿಸಿಲು ಬೀಳುವ ಗೋಡೆ ಬೇಡ, ಮೊದಲು ಹೋಗುವುದೇ ಕೆಂಪು.

ಅಶೋಕ ಸಿಂಹದ ಗುರುತು ಹಾಕಿ ನಮ್ಮ ಸಂಘದ ಪೋಸ್ಟರ್ ಮಾಡಬಹುದಾ?

ಮಾಡಬೇಡಿ. ರಾಜ್ಯ ಲಾಂಛನದ ದುರ್ಬಳಕೆ ತಡೆಯಲು 2005ರ ಕಾಯಿದೆ ಇದೆ. ಧ್ವಜಕ್ಕೆ ಅವಮಾನ ಆದರೆ 1971ರ ಕಾಯಿದೆ ಇದೆ. ಹೊಯ್ಸಳ ಸಳನನ್ನು ಬರೆದುಕೊಳ್ಳಿ. ಹುಲಿಯೋ ಸಿಂಹವೋ ನಿಮ್ಮಿಷ್ಟ.

ಮತ್ತೆ ಯಾವಾಗ ಹಾಕುತ್ತೀರಿ?

ಯುಗಾದಿ ಕಳೆದ ಮೇಲೆ. ಮಳೆ ಶುರುವಾದರೆ ಟ್ರಂಕು ತೆಗೆಯುವುದಿಲ್ಲ, ಯಾರು ಬಂದು ಕೇಳಿದರೂ.